ಬಾಯಲ್ಲಿ ಹೀರಿದ ಹುಳ

ಹುಳಗಳಿಗೆ ಫ್ಯಾನಿತ್ತು. ನಮಗಿರಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಫ್ಯಾನೆಂದರೆ ಒಂದಲ್ಲ, ಸಾಲಾಗಿ. ಮೇಲೆ ಕಪ್ಪು ನೆರಳುಬಲೆ. ಸಂಜೆಯಾದರೆ ತುಂತುರು ನೀರು. ಅದು ಟಕೆಮಾಸಾ ಧಣಿಯ ಹುಳಮನೆ. ಒಳಗೆ ಎಳ್ಳಿನ ಗಿಡಗಳು, ಎಳ್ಳಿನ ತುಂಬ ಹಸಿರು ಹುಳ. ಸೊಳ್ಳೆಗಿಂತ ಚೂರು ದಪ್ಪ, ಉದ್ದುದ್ದ ಕಾಲು, ನೋಡಲು ಏನೂ ಇಲ್ಲ. ಬೇಸಿಗೆಯಿಡೀ ಅವನ್ನು ಸಾಕಿ, ಬದನೆ ಸಸಿ ನೆಟ್ಟ ಮೇಲೆ ಹಿಡಿದು ಬದನೆಯ ಮೇಲೆ ಬಿಡಬೇಕು. ಬದನೆಗೆ ಬೀಳುವ ನುಸಿಯನ್ನೂ ಬಿಳಿನೊಣವನ್ನೂ ಅವು ತಿಂದು ಮುಗಿಸುತ್ತವೆ. ಹುಳದ ಔಷಧಿ ಹೊಡೆಯುವ ಕೆಲಸವಿಲ್ಲ. ಬದನೆಯ ಪ್ಯಾಕೆಟ್ಟಿನ ಮೇಲೆ ಅಂಟಿಸುತ್ತಿದ್ದ ಚೀಟಿಯಲ್ಲಿ 'ಹುಳಗಳು ಕಾಯ್ದ ಬದನೆ' ಎಂದಿರುತ್ತಿತ್ತು, ಪಕ್ಕದಲ್ಲಿ ಧಣಿಯ ನಗುಮುಖ. ಬದನೆ ಕಿತ್ತವರ ಮುಖ ಇರುತ್ತಿರಲಿಲ್ಲ.

ಹುಳಮನೆಯ ಹಿಂದೆ ನಮ್ಮ ಮನೆ. ಹಡಗಿಗೆ ಸಾಮಾನು ತುಂಬುವ ತಗಡಿನ ಪೆಟ್ಟಿಗೆ ಅದು. ಒಂದು ಕಿಟಕಿ ಕೊರೆದು ಇಬ್ಬರು ಹೆಂಗಸರನ್ನು ತುಂಬಿದ್ದರು. ಒಬ್ಬಳು ನಾನು, ಲುವಾ. ಇನ್ನೊಬ್ಬಳು ಥಾಮ್ ಅಕ್ಕ. ಇಬ್ಬರೂ ವಿಯೆಟ್ನಾಮಿನ ನಾಮ್ ದಿನ್ ಕಡೆಯವರು. ಜಪಾನಿನ ಈ ಕೋಚಿ ಸೀಮೆಗೆ ನಮ್ಮನ್ನು ಕರೆತಂದದ್ದು ಕೂಲಿಗಲ್ಲವಂತೆ, ತರಬೇತಿಗಂತೆ. ಬದನೆಕಾಯಿ ಕೀಳುವ ತರಬೇತಿ! ನಮ್ಮೂರಲ್ಲಿ ಅದನ್ನು ಸೊಂಟದ ಮೇಲೆ ಕೂಸು ಹೊತ್ತುಕೊಂಡೇ ಮಾಡುತ್ತಾರೆ. ಥಾಮ್ ಅಕ್ಕನಿಗೆ ನರ್ಸಿಂಗ್ ಓದುವ ಮಗಳಿದ್ದಳು. ಮಗಳ ಓದು ಮುಗಿಯುವವರೆಗೆ ಹೇಗೋ ಹಲ್ಲುಕಚ್ಚಿ ಇಲ್ಲಿರಬೇಕು ಎನ್ನುವುದೊಂದೇ ಅವಳ ಹಟ.

ಆಗಸ್ಟಿನ ಬಿಸಿಲಿಗೆ ತಗಡು ಕಾದು ಹಂಚಾಯಿತು. ನಾನು ಧಣಿಯ ಹತ್ತಿರ ಹೋಗಿ ಕೇಳಿದೆ.

"ಧಣಿ, ನಮಗೂ ಒಂದು ಫ್ಯಾನು ಹಾಕಿಸಿಕೊಡಿ."

"ಹುಳಮನೇಲಿ ಫ್ಯಾನು ಯಾಕಿದೆ ಗೊತ್ತಾ? ಸೆಕೆಗೆ ಹುಳ ಸತ್ತರೆ ಬೆಳೆ ಹೋಗುತ್ತೆ."

ನಾವು ಸತ್ತರೆ ಏನು ಹೋಗುತ್ತದೆಂದು ಅವನು ಹೇಳಲಿಲ್ಲ. ಲೆಕ್ಕ ಹಾಕಿರಲಿಲ್ಲವೋ ಏನೋ.

ಆ ಹುಳಗಳನ್ನು ಅವನು 'ಟೆಂಟೆಕಿ' ಎನ್ನುತ್ತಿದ್ದ. ಪೀಡೆಗೆ ಹುಟ್ಟಿದ ವೈರಿ ಎಂದು ಅರ್ಥವಂತೆ. ಅದೂ ಬರೀ ಟೆಂಟೆಕಿ ಅಲ್ಲ, ಟೆಂಟೆಕಿ-ಸಾನ್. ಇಲ್ಲಿ ಮರ್ಯಾದೆ ಕೊಡಬೇಕಾದವರ ಹೆಸರಿಗೆಲ್ಲ ಸಾನ್ ಸೇರಿಸುತ್ತಾರೆ. ನನ್ನನ್ನು ಅವನು "ಓಯ್" ಎಂದು ಕರೆಯುತ್ತಿದ್ದ.

"ಓಯ್, ಮೆಲ್ಲಗೆ ನಡಿ. ಟೆಂಟೆಕಿ-ಸಾನ್‌ಗೆ ತೊಂದರೆಯಾಗುತ್ತೆ."

ಥಾಮ್ ಅಕ್ಕ ಹುಳಮನೆಯ ಬಾಗಿಲಲ್ಲಿ ನಿಂತು ಜಪಾನಿನವರ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಹಾಕುತ್ತಿದ್ದಳು. "ಮಾವನೋರೇ, ಸೊಸೆ ಬಂದಿದ್ದೀನಿ. ಒಳಗೆ ಬರಬಹುದಾ? ನಿದ್ದೆ ಆಯ್ತಾ? ಸೆಕೆಗಿಕೆ ಇಲ್ವಲ್ಲ?" ನಾನು ಎಳ್ಳಿನ ಗಿಡದ ಹಿಂದೆ ಅವಿತು ಮಾವನ ದನಿಯಲ್ಲಿ ಕೆಮ್ಮುತ್ತಿದ್ದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ನಗದಿದ್ದರೆ ಅಲ್ಲಿ ಬಾಳುವ ಹಾಗಿರಲಿಲ್ಲ.

ಬದನೆ ನೆಡುವ ಮೊದಲು ನಮ್ಮ ಕೆಲಸ ಕಳೆ ಕೀಳುವುದು. ಹುಳಮನೆಯ ಒಳಗೆ, ಹೊರಗೆ, ಬದನೆ ಬೆಳೆಯುವ ಒಂದು ಹಸಿರುಮನೆಗೂ ಇನ್ನೊಂದಕ್ಕೂ ನಡುವೆ. ಕೈಯಲ್ಲೇ ಕೀಳಬೇಕು. ಅಲ್ಲಿ ಕಳೆನಾಶಕ ಹೊಡೆಯಬೇಡಿ, ಆ ಹುಲ್ಲಿನಲ್ಲೂ ಟೆಂಟೆಕಿ ಇರುತ್ತವೆ ಎಂದು ಕೃಷಿ ಇಲಾಖೆಯವರು ಹೇಳಿದ್ದರಂತೆ. ಸರಿ, ಕೂತೆವು. ಕೂತು ತೆವಳಿದೆವು. ಕೊನ್ನಾರಿ ಗಡ್ಡೆ ಎಂದರೆ ನಿಮಗೆ ಗೊತ್ತಿರಬೇಕು, ಮೇಲೆ ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಕೂತು ನಗುತ್ತದೆ. ಬೆರಳು ಹಾಕಿ ಬಗೆಯಬೇಕು. ಉಗುರಿನ ಸಂದಿ ಸೀಳಿ ರಕ್ತ ಬರುತ್ತಿತ್ತು. ಮೊಣಕಾಲ ಚಿಪ್ಪು ಕಪ್ಪಾಯಿತು. ಬೆವರು ಕಣ್ಣಿಗಿಳಿದರೆ ಒರೆಸಲು ಕೈಯಲ್ಲೆಲ್ಲ ಮಣ್ಣು. ಸಂಜೆ ಎದ್ದು ನಿಂತರೆ ಸೊಂಟ ಏಳುತ್ತಿರಲಿಲ್ಲ, ಬಗ್ಗಿಕೊಂಡೇ ತಗಡಿನ ಮನೆಗೆ ಹೋಗುತ್ತಿದ್ದೆವು.

ಅಷ್ಟರಲ್ಲಿ ಧಣಿಗೆ ಫೋನ್ ಬಂತು. ಪಟ್ಟಣದ ದೊಡ್ಡ ಅಂಗಡಿಯವರು ಹುಳಮನೆ ನೋಡಲು ಬರುತ್ತಾರಂತೆ. ಒಪ್ಪಿಗೆಯಾದರೆ ಇಡೀ ವರ್ಷದ ಬದನೆ ಅವರಿಗೇ. ಧಣಿ ಕುಣಿದಾಡಿಬಿಟ್ಟ. ಆಮೇಲೆ ನಾವು ಕಿತ್ತಿದ್ದನ್ನೂ ಕೀಳಬೇಕಾದದ್ದನ್ನೂ ನೋಡಿ ಅವನ ಮುಖ ಕೆಟ್ಟಿತು.

"ಇಷ್ಟು ದಿನ ಕೂತು ಇಷ್ಟೇನಾ? ಹೆಂಗಸರು ಹೇನು ನೋಡಿದ ಹಾಗೆ ಮಾಡ್ತಾ ಇದ್ದೀರಿ."

"ನೀವೂ ಒಂದು ಸಾಲು ಹಿಡೀರಿ ಧಣಿ, ಬೇಗ ಆಗುತ್ತೆ" ಎಂದೆ.

ಮನೆಯ ಜಗಲಿಯ ಮೇಲೆ ಕೂತಿದ್ದ ಅಜ್ಜಿ ಕಿಸಕ್ಕನೆ ನಕ್ಕಳು. ಅವಳು ಧಣಿಯ ತಾಯಿ. ಈ ಸೀಮೆಯ ಹೆಂಗಸರಿಗೆ ಕುಡಿಯುವುದಕ್ಕೂ ಬಯ್ಯುವುದಕ್ಕೂ ಗಂಡಸರ ಅಪ್ಪಣೆ ಬೇಕಿಲ್ಲ. ಅವಳಂತೂ ಎರಡರಲ್ಲೂ ಗಟ್ಟಿಗಿತ್ತಿ. "ಅವನು ಬಗ್ಗೋದಾ? ಚಿಕ್ಕೋನಿದ್ದಾಗ ಚಡ್ಡಿ ಹಾಕ್ಕೊಳ್ಳೋಕೂ ಬಗ್ಗುತ್ತಿರಲಿಲ್ಲ. ನಾನೇ ಹಾಕಬೇಕಿತ್ತು" ಎಂದಳು. ಧಣಿ ಕಿವಿ ಕೆಂಪಗೆ ಮಾಡಿಕೊಂಡು ವ್ಯಾನು ಹತ್ತಿ ಹೋದ.

ಬರುವಾಗ ಕಳೆನಾಶಕದ ಕ್ಯಾನು ತಂದಿದ್ದ. ಜೊತೆಗೆ ಬೆನ್ನಿಗೆ ಕಟ್ಟುವ ಪಂಪು.

"ಒಳಗೂ ಹೊರಗೂ ಹೊಡೀರಿ. ಎಳ್ಳಿನ ಎಲೆಗೆ ತಾಗದ ಹಾಗೆ ಬುಡಬುಡಕ್ಕೆ. ಅಂಗಡಿಯವರು ಬರೋ ಹೊತ್ತಿಗೆ ನೆಲ ಕನ್ನಡಿ ಹಾಗಿರಬೇಕು."

"ಟೆಂಟೆಕಿ-ಸಾನ್?" ಎಂದು ಥಾಮ್ ಅಕ್ಕ ಕೇಳಿದಳು.

"ಇದು ಹುಳದ ಔಷಧಿ ಅಲ್ಲ, ಕಳೆ ಔಷಧಿ. ಹಸಿರನ್ನ ಮಾತ್ರ ಕೊಲ್ಲುತ್ತೆ. ಹುಳಕ್ಕೆ ಏನೂ ಆಗಲ್ಲ. ಮನುಷ್ಯರಿಗಂತೂ ಏನೇನೂ ಆಗಲ್ಲ."

"ಹುಳಾನೂ ಹಸಿರಾಗೇ ಇದೆಯಲ್ಲ ಧಣಿ?"

"ಅದು ಬೇರೆ ಹಸಿರು."

ಥಾಮ್ ಅಕ್ಕ ನಮ್ಮ ಭಾಷೆಯಲ್ಲಿ ನನಗೆ ಹೇಳಿದಳು: "ಬೇರೆ ಹಸಿರಂತೆ ಕಣೇ. ಇದರ ಕುಲಾನೇ ಬೇರೆ ಇರಬೇಕು."

"ಮೂಗಿಗೆ ಕಟ್ಟಿಕೊಳ್ಳೋಕೆ ಏನಾದ್ರೂ ಕೊಡಿ" ಎಂದೆ ನಾನು.

"ಒಂದೇ ಇರೋದು" ಎಂದ ಧಣಿ. ಅದು ಅವನ ಮೂಗಿನ ಮೇಲಿತ್ತು. ಗಾಳಿ ಬರುವ ಕಡೆಗೆ ಹೋಗಿ ನಿಂತು ಹೀಗೆ ಹೊಡಿ, ಹಾಗೆ ಹೊಡಿ ಎಂದು ಕೈ ತೋರಿಸಿದ. ನಾವು ತಲೆವಸ್ತ್ರವನ್ನು ಮೂಗಿಗೆ ಸುತ್ತಿಕೊಂಡು ಹೊಡೆದೆವು. ಪಂಪಿನ ಮುಚ್ಚಳ ಸೋರಿ ಬೆನ್ನು ಒದ್ದೆಯಾಯಿತು. ಬುಡಕ್ಕೇ ಹೊಡೆದೆವು, ಆದರೆ ಗಾಳಿಗೆ ಬುಡ ಯಾವುದು, ತುದಿ ಯಾವುದು? ಫ್ಯಾನುಗಳು ಬೇರೆ ತಿರುಗುತ್ತಿದ್ದವು. ಎಳ್ಳಿಗೂ ಬಿತ್ತು, ಹುಳಕ್ಕೂ ಬಿತ್ತು, ನಮಗೂ ಬಿತ್ತು.

ಮರುದಿನ ಹುಲ್ಲು ಬಾಡಿತ್ತು. ಹುಳಮನೆಯ ನೆಲಕ್ಕೆ ಹಾಸಿದ ಬಿಳಿ ಹಾಳೆಯ ಮೇಲೆ ಹಸಿರು ಹೊಟ್ಟು ಉದುರಿದಂತಿತ್ತು. ಬಗ್ಗಿ ನೋಡಿದರೆ ಹುಳಗಳು. ಮರಿಗಳಂತೂ ಒಂದೂ ಉಳಿದಿರಲಿಲ್ಲ. ಧಣಿ ಮೊಣಕಾಲೂರಿ ಕೂತ. ನಾನು ಅವನ ಮೊಣಕಾಲು ನೆಲಕ್ಕೆ ತಾಗಿದ್ದನ್ನು ನೋಡಿದ್ದು ಅದೇ ಮೊದಲು. ಅಂಗೈಯಲ್ಲಿ ಹುಳಗಳನ್ನು ಗುಡಿಸಿಕೊಂಡು "ಟೆಂಟೆಕಿ-ಸಾನ್, ಟೆಂಟೆಕಿ-ಸಾನ್" ಎಂದ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅದನ್ನು ಒರೆಸಿಕೊಂಡಾದ ಮೇಲೆ ನಮ್ಮ ಕಡೆ ತಿರುಗಿದ.

"ನೀವೇ ಜಾಸ್ತಿ ಹೊಡೆದಿದ್ದು. ಕೊಲೆಗಡುಕಿಯರು!"

"ನೀವು ಹೇಳಿದಷ್ಟೇ ಹೊಡೆದಿದ್ದು" ಎಂದೆ.

"ಎದುರು ಮಾತಾಡಬೇಡ. ಬದುಕಿರೋದನ್ನ ಹಿಡೀರಿ. ಎಳ್ಳಿನ ಮೇಲೆ ಇನ್ನೂ ಇದಾವೆ. ಸಾಯೋ ಮುಂಚೆ ಹೀರಿ."

ಹೀರುವುದು ಎಂದರೆ ಹೀರುವುದೇ. ಒಂದು ಸೀಸೆ, ಅದಕ್ಕೆ ಎರಡು ರಬ್ಬರ್ ಕೊಳವೆ. ಒಂದು ಕೊಳವೆಯ ತುದಿಯನ್ನು ಹುಳದ ಮೇಲೆ ಹಿಡಿಯಬೇಕು, ಇನ್ನೊಂದನ್ನು ಬಾಯಲ್ಲಿಟ್ಟು ಸುರ್ರೆಂದು ಎಳೆಯಬೇಕು. ಹುಳ ಸೀಸೆಗೆ ಬೀಳುತ್ತದೆ. ಬಾಯಿಗೆ ಬರದ ಹಾಗೆ ಕೊಳವೆಯ ಬಾಯಿಗೆ ತೆಳು ಬಟ್ಟೆ ಕಟ್ಟಿರುತ್ತಾರೆ. ಹುಳ ಬರುವುದಿಲ್ಲ. ಮಿಕ್ಕಿದ್ದೆಲ್ಲ ಬರುತ್ತದೆ.

ಬೆಳಗಿನಿಂದ ಹೀರಿದೆವು. ಔಷಧಿ ಬಿದ್ದು ಮುರುಟಿದ ಎಲೆಗೆ ಮುಖ ಹತ್ತಿರ ಹಿಡಿದು, ಒಂದೊಂದೇ ಹುಳ ಹುಡುಕಿ, ಸುರ್, ಸುರ್. ನಾಲಿಗೆಯ ಮೇಲೆ ಕಹಿ ಕೂತಿತು. ತುಟಿ ಚುರುಗುಟ್ಟಿತು. ನೀರು ಮುಕ್ಕಳಿಸಿದರೂ ಹೋಗದು. ಥಾಮ್ ಅಕ್ಕ ಮೊದಮೊದಲು ತಮಾಷೆ ಮಾಡಿದಳು. "ಮಗಳು ಫೋನಲ್ಲಿ ಕೇಳಿದ್ರೆ ಏನಂತ ಹೇಳಲೇ? ಅಮ್ಮ ಜಪಾನಲ್ಲಿ ಉಸಿರು ಎಳೆಯೋ ಕೆಲಸ ಮಾಡ್ತಾಳೆ. ಉಸಿರು ಬಿಡೋಕೆ ಮಾತ್ರ ಪುರುಸೊತ್ತಿಲ್ಲ ಅಂತ ಹೇಳಲಾ?" ಮಧ್ಯಾಹ್ನದ ಅನ್ನ ಅವಳಿಗೆ ಸೇರಲಿಲ್ಲ. ಆಮೇಲೆ ಮಾತೂ ನಿಂತಿತು. ನಾನು ತಿರುಗಿ ನೋಡುವಷ್ಟರಲ್ಲಿ ಎಳ್ಳಿನ ಸಾಲಿನಲ್ಲಿ ಕುಸಿದು ಕೂತು ವಾಂತಿ ಮಾಡುತ್ತಿದ್ದಳು. ತುಟಿ ಊದಿತ್ತು. ಸೀಸೆಯನ್ನು ಮಾತ್ರ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು.

ಧಣಿ ಓಡಿ ಬಂದ. ಮೊದಲು ಅವಳ ಕೈಯಿಂದ ಸೀಸೆ ಬಿಡಿಸಿಕೊಂಡು ಹುಳ ಎಷ್ಟಿದೆ ಎಂದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವಳನ್ನು ನೋಡಿದ. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಊರಿನ ಚಿಕ್ಕ ಆಸ್ಪತ್ರೆಗೆ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಧಣಿ ಪಾಠ ಹೇಳಿಕೊಟ್ಟ.

"ಡಾಕ್ಟರು ಕೇಳಿದ್ರೆ ಏನಂತ ಹೇಳ್ತೀಯ?"

"ಏನಂತ ಹೇಳಲಿ?"

"ಹಳಸಿದ ಮೀನು ತಿಂದಳು ಅಂತ ಹೇಳು. ಹುಳದ ಮಾತು ಬೇಡ, ಔಷಧಿ ಮಾತು ಬೇಡ. ಬಾಯಿ ಬಿಟ್ಟರೆ ಇಬ್ಬರನ್ನೂ ಊರಿಗೆ ಕಳಿಸ್ತೀನಿ."

ಥಾಮ್ ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಹೇಳಬೇಡ ಎಂದು ಕಣ್ಣಲ್ಲೇ ಕೇಳಿಕೊಂಡಳು. ಮಗಳ ಓದು. ನಾನು ತಲೆಯಾಡಿಸಿದೆ. ಹಳಸಿದ ಮೀನು, ಹಳಸಿದ ಮೀನು ಎಂದು ಬಾಯಿಪಾಠ ಮಾಡಿಕೊಂಡೆ.

ಡಾಕ್ಟರು ಹೆಂಗಸು. ಕುಳ್ಳಗೆ, ದಪ್ಪ ಕನ್ನಡಕ, ದೊಡ್ಡ ಗಂಟಲು. ಥಾಮ್ ಅಕ್ಕನ ನಾಲಿಗೆ ನೋಡಿದಳು, ಕಣ್ಣ ರೆಪ್ಪೆ ಎಳೆದು ನೋಡಿದಳು. ನಾನು ಹಳಸಿದ ಮೀನಿನ ಪಾಠ ಒಪ್ಪಿಸಿದೆ. ಧಣಿ ಪಕ್ಕದಲ್ಲಿ ಹೌದೌದೆಂದು ಬಗ್ಗಿ ಬಗ್ಗಿ ತಲೆಯಾಡಿಸಿದ. ಎಲ್ಲ ಸುಸೂತ್ರವಾಗಿತ್ತು. ಆಗ ಡಾಕ್ಟರು ನರ್ಸಿನ ಕಡೆ ತಿರುಗಿ ಹೇಳಿದಳು:

"ಇವರಿಗೆ ಟೆಂಟೆಕಿ ಹಾಕೋಣ."

ಥಾಮ್ ಅಕ್ಕನ ಕಣ್ಣು ಅರಳಿತು. "ಲುವಾ, ಏನಂದಳೇ?"

"ಟೆಂಟೆಕಿ ಹಾಕ್ತಾರಂತೆ."

"ಯಾವುದಕ್ಕೆ?"

"ನಿನಗೇ."

ನರ್ಸು ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಒಂದು ಉದ್ದನೆಯ ಕೊಳವೆ ತಂದಳು. ಕೊಳವೆಯ ತುದಿಯಲ್ಲಿ ಸೂಜಿ! ನನಗೆ ಎಲ್ಲ ತಿಳಿದುಹೋಯಿತು. ಬದನೆಗೆ ಪೀಡೆ ಬಂದರೆ ಇವರು ಟೆಂಟೆಕಿ ಬಿಡುತ್ತಾರೆ, ಅದು ಪೀಡೆಯನ್ನು ತಿಂದು ಹಾಕುತ್ತದೆ. ಹಾಗಾದರೆ ಮನುಷ್ಯರಿಗೂ ಅದೇ ಮದ್ದು. ಸೂಜಿಯಿಂದ ರಕ್ತದೊಳಗೆ ಹುಳ ಬಿಡುತ್ತಾರೆ. ಇಂಥ ದೇಶದಲ್ಲಿ ಏನುಂಟು ಏನಿಲ್ಲ?

"ಅಯ್ಯಯ್ಯೋ ಬೇಡ!" ಎಂದು ಥಾಮ್ ಅಕ್ಕ ಮಂಚದಿಂದ ಜಿಗಿದಳು. ನಾನು ನರ್ಸಿನ ಕೈಯನ್ನು ಗಬಕ್ಕನೆ ಹಿಡಿದೆ. ಹಳಸಿದ ಮೀನು ತಲೆಯಿಂದ ಹಾರಿಹೋಯಿತು. "ಟೆಂಟೆಕಿ ಬೇಡಮ್ಮಾ! ಬೆಳಗಿಂದ ಅದನ್ನೇ ಬಾಯಲ್ಲಿ ಹೀರಿ ಹೀರಿ ಹೀಗಾಗಿದ್ದು! ಈಗ ರಕ್ತಕ್ಕೂ ಬಿಡ್ತೀರಾ? ಕಳೆ ಔಷಧಿ ಬಿದ್ದ ಟೆಂಟೆಕಿ ಅದು, ಅರೆಜೀವದ್ದು! ನೀವು ಬಿಟ್ಟರೂ ಒಳಗೆ ಹೋಗಿ ಸಾಯುತ್ತೆ!"

ನರ್ಸು ಬೆಪ್ಪಾಗಿ ನಿಂತಳು. ಡಾಕ್ಟರು ಕನ್ನಡಕ ಮೇಲೇರಿಸಿದಳು.

"ಟೆಂಟೆಕಿ ಬಾಯಲ್ಲಿ ಹೀರಿದ್ರಾ?"

"ಇವರಿಗೆ ಭಾಷೆ ಬರಲ್ಲ, ಏನೇನೋ ಹೇಳ್ತಾರೆ" ಎಂದ ಧಣಿ.

"ಹೀರಿದ್ದೀವಿ! ಹಸಿರುಮನೇಲಿ! ಕಾಲಿದೆ ಅದಕ್ಕೆ, ಮೀಸೆ ಇದೆ!" ನಾನು ಹಣೆಯ ಮೇಲೆ ಎರಡು ಬೆರಳು ಆಡಿಸಿ ಮೀಸೆ ತೋರಿಸಿದೆ.

ಆಗ ನರ್ಸಿಗೆ ಹೊಳೆಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಇವರ ಭಾಷೆಯಲ್ಲಿ ಟೆಂಟೆಕಿ ಎಂದರೆ ಆ ಹುಳವೂ ಹೌದು, ಆಸ್ಪತ್ರೆಯಲ್ಲಿ ಹಾಕುವ ಗ್ಲೂಕೋಸ್ ಬಾಟಲಿಯೂ ಹೌದಂತೆ. ನಾವು ನಮ್ಮ ಭಾಷೆಯಲ್ಲಿ ಒಂದೇ ಪದವನ್ನು ಆರು ರಾಗದಲ್ಲಿ ಹೇಳಿ ಆರು ಅರ್ಥ ಹುಟ್ಟಿಸುವವರು. ಒಂದೇ ರಾಗದಲ್ಲಿ ಹೇಳಿ ಎರಡು ಅರ್ಥ ಮಾಡಿಕೋ ಎಂದರೆ ಹೇಗೆ? ನಮಗೆ ಹುಳವೊಂದೇ ಗೊತ್ತಿತ್ತು. ಆಸ್ಪತ್ರೆಗೆ ನಮ್ಮನ್ನು ಯಾರು ಯಾವಾಗ ಕರೆದುಕೊಂಡು ಹೋಗಿದ್ದರು?

ಡಾಕ್ಟರೂ ನಕ್ಕಳು. ನಗುತ್ತಲೇ ಇದ್ದವಳು ಥಟ್ಟನೆ ನಿಲ್ಲಿಸಿದಳು.

"ಯಾವ ಗಿಡದಿಂದ ಹೀರಿದ್ರಿ?"

"ಎಳ್ಳು" ಎಂದೆ.

"ಎಳ್ಳಿನ ಮೇಲೆ ಏನಿತ್ತು?"

"ಏನಿಲ್ಲ, ಇಬ್ಬನಿ" ಎಂದ ಧಣಿ.

"ನಿಮ್ಮನ್ನ ಕೇಳಲಿಲ್ಲ."

ಥಾಮ್ ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿದ್ದಳು. ಇನ್ನು ಮುಚ್ಚಿಡಲು ಏನು ಉಳಿದಿತ್ತು? ಹೇಳಿದೆ. ಯಾರು ಹೊಡೆಯಲು ಹೇಳಿದ್ದು, ಮೂಗಿಗೆ ಕಟ್ಟಿಕೊಳ್ಳಲು ಯಾರಿಗಿತ್ತು, ಯಾರಿಗಿರಲಿಲ್ಲ, ಎಲ್ಲವನ್ನೂ. ಡಾಕ್ಟರು ಧಣಿಯನ್ನು ಕೇಳಿದಳು: "ಹಳಸಿದ ಮೀನು ಅಂದ್ರಲ್ಲ?"

"ಮೀನೂ... ತಿಂದಿರಬಹುದು."

"ಕಾರ್ಮಿಕ ಇಲಾಖೆಯವರಿಗೆ ನಾನು ತಿಳಿಸಲೇಬೇಕು. ಅವರು ಬಂದಾಗ ಮೀನಿನ ಕಥೆ ಅವರಿಗೂ ಹೇಳಿ" ಎಂದಳು. ಧಣಿಯ ಬೆನ್ನು ಬಗ್ಗಿದ್ದು ಬಗ್ಗಿಯೇ ಇತ್ತು.

ಕೊನೆಗೆ ಬಾಟಲಿ ಹಾಕಿದರು. ಥಾಮ್ ಅಕ್ಕ ಅದು ಖಾಲಿಯಾಗುವವರೆಗೂ ಕಣ್ಣು ಕೀಲಿಸಿ ನೋಡಿದಳು. ಒಂದೊಂದು ಹನಿಯಲ್ಲೂ ಕಾಲಿದೆಯೇ ಎಂದು ಹುಡುಕುತ್ತಿದ್ದಳು.

ತಗಡಿನ ಮನೆಗೆ ಮರಳಿ ಅವಳು ಚೇತರಿಸಿಕೊಂಡು ಎದ್ದು ಕೂರುವಷ್ಟರಲ್ಲಿ ಮೋರಿಸಾಕಿ ಬಂದ. ನಮ್ಮನ್ನು ಕರೆತಂದ ಸಂಘದವನು. ನಮ್ಮ ಕಷ್ಟ ಸುಖ ಕೇಳಲಿಕ್ಕೆಂದೇ ಅವನನ್ನಿಟ್ಟಿದ್ದರು. ಕೇಳುತ್ತಿದ್ದದ್ದು ಧಣಿಯನ್ನು. ಅರೆಬರೆ ನಮ್ಮ ಭಾಷೆ ಕಲಿತಿದ್ದ, ಮಾತಿಗೆ ಮುಂಚೆ "ಅಕ್ಕಾ" ಎನ್ನುತ್ತಿದ್ದ.

"ಅಕ್ಕಾ, ನಿಮ್ಮ ಆರೋಗ್ಯ ಮುಖ್ಯ. ಊರಿಗೆ ಹೋಗಿ ವಿಶ್ರಾಂತಿ ತಗೊಳ್ಳಿ. ಟಿಕೆಟ್ ಆಗಿದೆ. ನಾಳೆ ಬೆಳಿಗ್ಗೆ ನಾನೇ ಕಾರಲ್ಲಿ ಕರಕೊಂಡು ಹೋಗ್ತೀನಿ."

"ನಾನು ಹುಷಾರಾಗಿದ್ದೀನಿ" ಎಂದಳು ಥಾಮ್ ಅಕ್ಕ. "ನೋಡಿ, ನಿಲ್ತೀನಿ. ಕಳೆ ಕೀಳ್ತೀನಿ. ಇನ್ನು ಯಾವ ಆಸ್ಪತ್ರೆಗೂ ಹೋಗಲ್ಲ." ಎದ್ದು ನಿಂತು ತೋರಿಸಿದಳು. ಒಂದು ಕೈ ಗೋಡೆ ಹಿಡಿದುಕೊಂಡೇ ಇತ್ತು. ವಿಷ ಕುಡಿಸಿದವನ ಕಡೆಯವನ ಮುಂದೆ ಇವಳು ನಿಂತು ತೋರಿಸಬೇಕೆ?

"ಇಲಾಖೆಯವರು ಬರೋ ಮುಂಚೆ ಸಾಗಹಾಕ್ತಾ ಇದ್ದೀರಿ, ಅಲ್ವಾ?" ಎಂದು ಅವನ ಭಾಷೆಯಲ್ಲೇ ಕೇಳಿದೆ.

ಮೋರಿಸಾಕಿ ನಕ್ಕ. "ನಿಮ್ಮ ಜಪಾನಿ ಭಾಷೆ ತುಂಬ ಸುಧಾರಿಸಿದೆ" ಎಂದ.

ಆ ರಾತ್ರಿ ಅವಳ ಬ್ಯಾಗಿಗೆ ಬಟ್ಟೆ ತುಂಬಿದ್ದು ನಾನೇ. ಅವಳು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು, ನಾನು ಮತ್ತೆ ತುಂಬುತ್ತಿದ್ದೆ. ಕೊನೆಗೆ ಇಬ್ಬರೂ ಬ್ಯಾಗನ್ನು ಅರ್ಧಕ್ಕೇ ಬಿಟ್ಟು ಅತ್ತೆವು.

ಬೆಳಿಗ್ಗೆ ಅಂಗಡಿಯವರೂ ಬಂದರು. ಧಣಿಯ ಗ್ರಹಚಾರ, ಎರಡೂ ಒಂದೇ ಹೊತ್ತಿಗೆ ಬಿದ್ದಿತ್ತು. ಮೋರಿಸಾಕಿಯ ಕಾರು ನಮ್ಮ ತಗಡಿನ ಮನೆಯ ಮುಂದೆ, ಅಂಗಡಿಯವರ ಕಾರುಗಳು ಹುಳಮನೆಯ ಮುಂದೆ. ಥಾಮ್ ಅಕ್ಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಯಾಗಿತ್ತು. ಅಂಗಡಿಯವರು ಒಳಗೆ ಹೋಗುವವರೆಗೆ ಕಾರು ತೆಗೆಯಬೇಡ, ನೋಡಿದವರು ಏನೆಂದುಕೊಂಡಾರು ಎಂದು ಧಣಿ ಮೋರಿಸಾಕಿಗೆ ಹೇಳಿದ್ದ.

ನನಗೆ ಹೊಸ ಏಪ್ರನ್ ಕೊಟ್ಟಿದ್ದರು. "ನೀನು ಹೀರಿ ತೋರಿಸು. ಬಾಯಿ ಬಿಡಬೇಡ" ಎಂದಿದ್ದ ಧಣಿ. ಬಾಯಿ ಬಿಡದೆ ಹೀರುವುದು ಹೇಗೋ ಅವನಿಗೇ ಗೊತ್ತು. ಸತ್ತ ಹುಳಗಳನ್ನು ಗುಡಿಸಿಯಾಗಿತ್ತು. ಪಕ್ಕದ ತೋಟದವರಿಂದ ಹಲ್ಲುಗಿಂಜಿ ಒಂದಿಷ್ಟು ಹುಳ ತಂದು ಔಷಧಿ ಬಿದ್ದ ಅದೇ ಎಳ್ಳಿನ ಮೇಲೆ ಬಿಟ್ಟಿದ್ದ. ಆಗಲೇ ಅವು ತೂಕಡಿಸುತ್ತಿದ್ದವು.

ಬಂದವರಲ್ಲಿ ಮುಖ್ಯಳು ತರಕಾರಿ ಖರೀದಿಯ ಮೇಲಿನ ಹೆಂಗಸು. ಬಿಳಿ ಬಟ್ಟೆ, ಬಿಳಿ ಕೈಗವಸು, ಅಗಲ ಟೋಪಿ. ಒಳ್ಳೆಯವಳಂತೆ ಕಾಣುತ್ತಿದ್ದಳು, ಹುಳ ಕಂಡರೆ ಮಕ್ಕಳ ಹಾಗೆ ಖುಷಿಪಟ್ಟಳು. ಧಣಿ ಎದೆಯುಬ್ಬಿಸಿ ಭಾಷಣ ಮಾಡಿದ. "ನಮ್ಮಲ್ಲಿ ವಿಷ ಅನ್ನೋದೇ ಇಲ್ಲ. ಟೆಂಟೆಕಿ-ಸಾನ್ ನಮ್ಮ ಮನೆಯವರ ಹಾಗೆ. ಅವರಿಗೆ ಆಗದ್ದು ಯಾವುದೂ ಈ ನೆಲಕ್ಕೆ ಬೀಳಲ್ಲ." ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ ಅಜ್ಜಿ ಜೋರಾಗಿ ಕ್ಯಾಕರಿಸಿದಳು.

"ಈಗ ನಮ್ಮ ಹುಡುಗಿ ಹುಳ ಹಿಡಿದು ತೋರಿಸ್ತಾಳೆ. ಲುವಾ-ಸಾನ್!"

ಲುವಾ-ಸಾನ್! ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಇದ್ದಾರೋ ಎಂದು.

ಸೀಸೆ ನನ್ನ ಕೈಗೆ ಬಂತು. ಕೊಳವೆ ತುಟಿಯವರೆಗೂ ಹೋಯಿತು. ಬಲೆಯಾಚೆ ಕಾರು ಕಾಣುತ್ತಿತ್ತು, ಗಾಜಿಗೆ ಹಣೆ ಒತ್ತಿಕೊಂಡ ಥಾಮ್ ಅಕ್ಕ ಕಾಣುತ್ತಿದ್ದಳು. ತುಟಿಯ ಊತ ಇನ್ನೂ ಇಳಿದಿರಲಿಲ್ಲ.

ಕೊಳವೆ ಕೆಳಗಿಳಿಸಿದೆ. "ಇಲ್ಲ. ಹೀರಲ್ಲ."

"ನಾಚಿಕೊಳ್ತಾಳೆ" ಎಂದು ಧಣಿ ನಕ್ಕ. ಹಲ್ಲಿನ ಸಂದಿಯಲ್ಲಿ ನನಗೆ ಹೇಳಿದ: "ಹೀರು."

"ನೀವು ಹೀರಿ, ಧಣಿ."

"ಓಯ್..."

"ಔಷಧಿಯಿಂದ ಹುಳಕ್ಕೆ ಏನೂ ಆಗಲ್ಲ, ಮನುಷ್ಯರಿಗೆ ಏನೇನೂ ಆಗಲ್ಲ ಅಂತ ನೀವೇ ಹೇಳಿದ್ದು. ನಾನು ಹೀರಿದ್ದೀನಿ. ಥಾಮ್ ಅಕ್ಕ ಹೀರಿದ್ದಾಳೆ. ಇವತ್ತು ನಿಮ್ಮ ಸರದಿ." ಎರಡೂ ಕೈಯಲ್ಲಿ ಸೀಸೆ ಹಿಡಿದು, ಇವರಿಗೆ ಕೊಡಬೇಕಾದ ರೀತಿಯಲ್ಲೇ ತಲೆ ಬಗ್ಗಿಸಿ ಕೊಟ್ಟೆ. ಒಳಗೊಳಗೇ ಏನು ಖುಷಿ, ಏನು ಖುಷಿ!

ಬಂದವರು ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಧಣಿ ಸೀಸೆ ತೆಗೆದುಕೊಳ್ಳಲೇಬೇಕಾಯಿತು. ಕರವಸ್ತ್ರ ತೆಗೆದು ಕೊಳವೆಯ ತುದಿ ಒರೆಸಿದ. ಮತ್ತೆ ಒರೆಸಿದ. ಬಾಯಿಯ ಹತ್ತಿರ ಒಯ್ದು, ಗಂಟಲು ಸರಿಮಾಡಿಕೊಂಡು, ಮತ್ತೆ ಕೆಳಗಿಳಿಸಿ ಒರೆಸಿದ.

"ಬೇಗ ಹೀರೋ, ಮೊಲೆಹಾಲು ಕುಡಿಯುವಾಗ ಇಷ್ಟು ಸತಾಯಿಸಲಿಲ್ಲ ನೀನು" ಎಂದಳು ಅಜ್ಜಿ.

ಕೈಗವಸಿನ ಹೆಂಗಸಿಗೆ ಇನ್ನು ತಡೆಯಲಾಗಲಿಲ್ಲ. "ಎಷ್ಟು ಚೆನ್ನಾಗಿದೆ ಇದು! ನಾನೊಂದು ಸಲ ಮಾಡ್ಲಾ?" ಎಂದು ಸೀಸೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಎಳ್ಳಿನ ಎಲೆಯ ಮೇಲೆ ಬಗ್ಗಿದಳು. ಕೊಳವೆಯನ್ನು ತುಟಿಗಿಟ್ಟಳು.

"ಬೇಡ!" ಎಂದು ಧಣಿ ಚೀರಿದ. "ಬಾಯಿಗಿಡಬೇಡಿ! ವಿಷ! ವಿಷ ಇದೆ!"

ಅವಳ ಕೈಗೆ ಅವನು ಹೊಡೆದ ರಭಸಕ್ಕೆ ಸೀಸೆ ಹಾರಿ ಕಂಬಕ್ಕೆ ಬಡಿದು ಚೂರಾಯಿತು. ಅವಳು ಕೈಗವಸು ತೆಗೆದು, ತುಟಿ ಒರೆಸಿಕೊಂಡು, ಅವನನ್ನೇ ನೋಡಿದಳು.

"ಏನಂದ್ರಿ?"

ಧಣಿಗೂ ಈಗಷ್ಟೇ ಕೇಳಿಸಿತ್ತು ಅನ್ನಿಸುತ್ತದೆ, ತಾನು ಏನೆಂದೆ ಎನ್ನುವುದು. ನಮ್ಮ ಬಾಯಲ್ಲಿದ್ದಾಗ ಅದು ಇಬ್ಬನಿ. ಅವಳ ಬಾಯಿಗೆ ಹೋದ ಕೂಡಲೇ ವಿಷ.

ಏಪ್ರನ್ ಬಿಚ್ಚಿ ಎಳ್ಳಿನ ಗಿಡಕ್ಕೆ ನೇತುಹಾಕಿದೆ. ಹೊರಗೆ ಹೋಗಿ ಕಾರಿನ ಡಿಕ್ಕಿ ತೆಗೆದೆ. ಮೋರಿಸಾಕಿ ಅಡ್ಡ ಬಂದ.

"ತಂಗೀ, ವಿಮಾನಕ್ಕೆ ಹೊತ್ತಾಗುತ್ತೆ."

"ಒಳಗೆ ವಿಷ ಇದೆಯಂತೆ. ಟಕೆಮಾಸಾ ಹೇಳಿದ. ಇಷ್ಟು ಜನರ ಮುಂದೆ ಹೇಳಿದ. ಹೋಗಿ ಕೇಳು." ಅವನಿಗೆ ಸಾನ್ ಸೇರಿಸಲಿಲ್ಲ, ಧಣಿ ಎನ್ನಲಿಲ್ಲ. ನಾಲಿಗೆ ಬಿದ್ದುಹೋಗಲಿಲ್ಲ.

ಮೋರಿಸಾಕಿ ಹುಳಮನೆಯ ಕಡೆ ನೋಡಿದ. ಕೈಗವಸಿನ ಹೆಂಗಸು, ಅವಳ ಹಿಂದೆ ಉಳಿದವರು ನಮ್ಮ ಕಡೆಗೇ ನಡೆದು ಬರುತ್ತಿದ್ದರು. ಅವನ ಮುಖದ ನಗು ಎಲ್ಲಿಗೆ ಹೋಯಿತೋ. ಡಿಕ್ಕಿಗೆ ಅಡ್ಡ ಹಿಡಿದಿದ್ದ ಕೈಯನ್ನು ತೆಗೆದ. ನಾನು ಬ್ಯಾಗು ಎಳೆದು ಮಣ್ಣಿಗೆ ಹಾಕಿದೆ.

"ಅಕ್ಕಾ, ಇಳಿ."

"ಇಳಿದರೆ ಏನೂ ಮಾಡಲ್ವಾ?"

"ಮಾಡಲಿ ನೋಡೋಣ. ಇಳಿಯೇ."

ಥಾಮ್ ಅಕ್ಕ ಬಾಗಿಲು ಹಿಡಿದುಕೊಂಡು ಇಳಿದಳು. ಬ್ಯಾಗಿನ ಮೇಲೆ ಕೂತಳು. ಕೈಗವಸಿನ ಹೆಂಗಸು ಅವಳ ತುಟಿಯನ್ನು ನೋಡಿ, ಇಷ್ಟು ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದಳು.

"ನಿಮಗೆ ಏನಾಯ್ತು?"

ಥಾಮ್ ಅಕ್ಕ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಪಕ್ಕದಲ್ಲಿ ಹುಲ್ಲು ಸತ್ತು ಬೋಳಾಗಿದ್ದ ನೆಲವನ್ನು ಅಂಗೈಯಿಂದ ತಟ್ಟಿದಳು.

"ಕೂತ್ಕೊಳ್ಳಿ. ಇದು ನಿಂತ್ಕೊಂಡು ಕೇಳೋ ಮಾತಲ್ಲ."

ಬಿಳಿ ಬಟ್ಟೆಯ ಆ ಹೆಂಗಸು ಟೋಪಿ ತೆಗೆದಳು. ಆಮೇಲೆ ಮಣ್ಣಿನಲ್ಲಿ ಕೂತಳು.